ಸೋಮವಾರದ ಬೆಲ್ಲದ ಕಾಫಿ

ಮಂಗಳವಾರ ಬೆಳಿಗ್ಗೆ ನಾನು ಔಷಧ ಕೊಠಡಿಯ ಕಿಟಕಿ ತೆಗೆಯುವ ಹೊತ್ತಿಗೆ ಆ ಅಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಲಗೈಯನ್ನು ಯಾವುದಕ್ಕೂ ತಾಗದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. ಪುರವರ ಹೋಬಳಿಯ ನಮ್ಮ ಆರೋಗ್ಯ ಕೇಂದ್ರಕ್ಕೆ ನಾನು ದಿನವೂ ಕೊರಟಗೆರೆಯಿಂದ ಬಸ್ಸಿನಲ್ಲಿ ಬರುತ್ತೇನೆ. ಡಾಕ್ಟರಮ್ಮ ಬರೆದದ್ದನ್ನು ಕೊಡುವುದು, ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವುದು, ಮಕ್ಕಳಿಗಾದರೆ ಮಾತ್ರೆಯನ್ನು ಅರ್ಧ ಮಾಡಿ ಪುಡಿ ಕಟ್ಟಿಕೊಡುವುದು ನನ್ನ ಕೆಲಸ. ಬಂದವರು ಒಂದಿಷ್ಟು ಹೊತ್ತು ಕಿಟಕಿಗೆ ಒರಗಿ ಮನೆ ಸುದ್ದಿ ಹೇಳಿಯೇ ಹೋಗುತ್ತಾರೆ. ಕೇಳಿಸಿಕೊಳ್ಳುವುದೂ ಕೆಲಸದಲ್ಲೇ ಸೇರಿಹೋಗಿದೆ.

ಮೊದಲ ಸಲ ಬಂದಾಗ ಅಮ್ಮನ ಕೆಳತುಟಿಯ ಬಲಮೂಲೆಯಲ್ಲಿ ಒಂದು ದುಂಡನೆಯ ಕೆಂಪು ಮಚ್ಚೆ, ಬಲ ಮಣಿಕಟ್ಟಿನ ಮೇಲೆ ಅಂಥದೇ ಇನ್ನೊಂದು. ಕೆಂಡ ಇಟ್ಟ ಹಾಗೆ ಉರಿ ಎಂದರು. ಡಾಕ್ಟರಮ್ಮ ಹೊಸದಾಗಿ ಬಂದ ಚಿಕ್ಕ ವಯಸ್ಸಿನವರು, ಆದರೆ ಆತುರದವರಲ್ಲ. ಮಚ್ಚೆಯನ್ನು ಮುಟ್ಟಿ ನೋಡಿ, "ಈಚೆಗೆ ಏನಾದರೂ ಮಾತ್ರೆ ತಗೊಂಡಿದ್ರಾ ಅಮ್ಮ?" ಎಂದರು.

"ನಾನಾ? ಮಾತ್ರೆನಾ?" ಅಮ್ಮ ಸೆರಗು ತೆಗೆದು ಉರಿಯುವ ತುಟಿಯಲ್ಲೇ ನಕ್ಕರು. "ನಮ್ಮವ್ವ ಮಾತ್ರೆ ತಿಂದೂ ತಿಂದೇ ಕಿಡ್ನಿ ಕೆಡಿಸ್ಕೊಂಡು ಹೋದ್ಲು ಕಣಮ್ಮ. ಅವತ್ತೇ ಲಿಂಗ ಮುಟ್ಟಿ ಆಣೆ ಮಾಡಿದೀನಿ. ಒಂದು ಮಾತ್ರೆ ನನ್ನ ನಾಲಿಗೆ ಮೇಲೆ ಇಕ್ಕಿಲ್ಲ."

ಅದು ನಿಜವೆಂದು ನನಗೂ ಗೊತ್ತಿತ್ತು. ಅವರಿಗೆ ರಕ್ತದೊತ್ತಡ ಹೆಚ್ಚಿದೆ. ಅದಕ್ಕೆ ಕೊಡಲು ಹೋದ ಮಾತ್ರೆಯನ್ನು ಅವರು ಕಿಟಕಿಯ ಕಟ್ಟೆಯ ಮೇಲೇ ಬಿಟ್ಟುಹೋಗಿದ್ದರು, ನಾನು ಕೂಗಿದರೂ ತಿರುಗಿ ನೋಡಿರಲಿಲ್ಲ.

ಮುಲಾಮು ಕೊಟ್ಟೆವು. ಉರಿ ಇಳಿಯಿತು, ಮಚ್ಚೆ ಕಪ್ಪಾಗಿ ಉಳಿಯಿತು. ಮುಂದಿನ ವಾರ ಮತ್ತೆ ಬಂದರು. ಕಪ್ಪಾಗಿದ್ದ ಅದೇ ಎರಡು ಜಾಗ ಮತ್ತೆ ಕೆಂಪಗೆ ಊದಿಕೊಂಡಿದ್ದವು. ಅದರ ಮುಂದಿನ ಸಲ ತೊಡೆಯ ಮೇಲೂ ಒಂದು ಎದ್ದಿತ್ತು.

ಡಾಕ್ಟರಮ್ಮ ಆ ದಿನ ನನ್ನನ್ನು ಒಳಗೆ ಕರೆದು ಹೇಳಿದರು: "ಬೇರೆ ಅಲರ್ಜಿ ಮೈಯೆಲ್ಲ ಓಡಾಡುತ್ತೆ. ಇದು ಬಿಟ್ಟ ಜಾಗಕ್ಕೇ ವಾಪಸ್ ಬರ್ತಿದೆ. ಮೈಗೆ ಒಗ್ಗದ ಯಾವುದೋ ಔಷಧ ಹೊಟ್ಟೆಗೆ ಹೋದಾಗಲೆಲ್ಲ ಕೆಲವರಿಗೆ ಹಿಂಗೆ ಆಗುತ್ತೆ, ಗಂಟೆಗಳ ಒಳಗೇ. ಬೇರೆ ಯಾವುದರಿಂದಲೂ ಹಿಂಗೆ ಆಗೋದು ಬಹಳ ಅಪರೂಪ. ನಿಲ್ಲಿಸದಿದ್ರೆ ಪ್ರತಿ ಸಲವೂ ಹೆಚ್ಚುತ್ತಾ ಹೋಗಿ, ಬಾಯೊಳಗೆ ಬೊಬ್ಬೆ ಬಂದು, ಚರ್ಮ ಸುಲಿಯೋ ಮಟ್ಟಕ್ಕೂ ಹೋಗಬಹುದು."

"ಆದರೆ ಅವರು ಔಷಧ ಮುಟ್ಟೋದೇ ಇಲ್ಲವಲ್ಲ ಮೇಡಂ."

"ಗೊತ್ತಿದ್ದು ಮುಟ್ಟಲ್ಲ. ಗೊತ್ತಿಲ್ಲದೆ ಹೋಗ್ತಿದೆಯಾ ಅನ್ನೋದೇ ನನ್ನ ಅನುಮಾನ," ಎಂದರು ಅವರು.

ತುಮಕೂರಿನ ಚರ್ಮದ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಅಮ್ಮ ಹೋಗಲಿಲ್ಲ. ಅಲ್ಲಿಗೆ ಹೋದರೆ ಮಾತ್ರೆ ತಿನ್ನಿಸುತ್ತಾರೆ ಎಂಬ ಗುಮಾನಿ.

ಊರಿನವರ ಗುಮಾನಿಗಳು ಬೇರೆ ಇದ್ದವು. ಬದನೆಕಾಯಿ ನಂಜು ಎಂದು ಒಬ್ಬರು, ಹುಳ ಹರಿದಿದೆ ಎಂದು ಇನ್ನೊಬ್ಬರು. ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತದೆ ಅಂದಮೇಲೆ ನಾಗದೋಷವೇ ಸರಿ ಎಂದು ಮನೆಯ ಯಜಮಾನರು, ಅಮ್ಮನ ಗಂಡ, ಅವರನ್ನು ನಾಗಲಮಡಿಕೆಗೆ ಕರೆದುಕೊಂಡು ಹೋಗಿ ಸುಬ್ರಹ್ಮಣ್ಯನಿಗೆ ಪೂಜೆ ಮಾಡಿಸಿ ಬಂದರು. ಅವರು ಮನೆಯ ಮುಂದಿನ ಕೋಣೆಯಲ್ಲಿ ವಿಭೂತಿ, ಕರ್ಪೂರ, ಊದುಬತ್ತಿ ಮಾರುವ ಮೆತ್ತನೆಯ ಮನುಷ್ಯ. ಹೆಂಡತಿಯ ಜೊತೆ ಆರೋಗ್ಯ ಕೇಂದ್ರಕ್ಕೂ ಬಂದು, ಛತ್ರಿ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ಇಂಥ ಗಂಡ ಎಲ್ಲರಿಗೂ ಸಿಗಲಿ ಎಂದು ನಮ್ಮ ಆಶಾ ಕಾರ್ಯಕರ್ತೆ ನಿಟ್ಟುಸಿರು ಬಿಡುತ್ತಿದ್ದಳು.

ನಾಗಲಮಡಿಕೆಯಿಂದ ಬಂದ ಮೇಲೂ ಮಚ್ಚೆ ಎದ್ದಿತು. ಆಗ ಅಮ್ಮ ಕಿಟಕಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರು: "ನನ್ನ ಹೊಟ್ಟೆಗೆ ಯಾರೋ ಏನೋ ಹಾಕ್ತಾವ್ರೆ ಕಣಮ್ಮ. ಯಾರು ಅಂತ ಬ್ಯಾರೆ ಹೇಳ್ಬೇಕಾ? ಒಲೆ ಮುಂದೆ ಇರೋಳು ಒಬ್ಬಳೇ."

ಒಲೆಯ ಮುಂದೆ ಇದ್ದವಳು ಸೊಸೆ. ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆಯವಳು, ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಶಿರಾದ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಅವಳ ಮಾತಿನಲ್ಲಿ ಅರ್ಧ ತೆಲುಗು. ಅದೊಂದೇ ಸಾಕಾಗಿತ್ತು ಬೀದಿಯವರಿಗೆ. ಆಂಧ್ರದ ಗಡಿಯವರು, ಮಾಟ ಮಂತ್ರ ಬಲ್ಲವರು ಎಂದು ಕೊಳಾಯಿ ಹತ್ತಿರ ಮಾತು ಶುರುವಾಗಿತ್ತು.

ನಾನು ಮಾಟ ಮಂತ್ರ ನಂಬುವವಳಲ್ಲ. ಆದರೆ ಔಷಧ ಹೊಟ್ಟೆಗೆ ಹೋಗುತ್ತಿದೆ, ಅಮ್ಮನಿಗೆ ಗೊತ್ತಿಲ್ಲದೆ ಹೋಗುತ್ತಿದೆ ಎಂದರೆ ಅನ್ನ ಬಡಿಸುವ ಕೈಯನ್ನು ಬಿಟ್ಟು ಬೇರೆ ಯಾವುದನ್ನು ನೋಡುವುದು? ಆ ಪುಟ್ಟ ಹುಡುಗಿಯ ಮೇಲೆ ನನಗೂ ಅನುಮಾನ ಬಂತು. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು, ಮಲೇರಿಯಾ ವಿಚಾರಿಸುವ ನೆಪದಲ್ಲಿ ಮನೆಗೆ ಹೋದೆ.

ಅಡುಗೆಮನೆಯ ಗೂಡಿನಲ್ಲಿ, ಸಾರಿನ ಪುಡಿಯ ಡಬ್ಬಿಯ ಹಿಂದೆ ಒಂದು ಸಣ್ಣ ತಗಡಿನ ಡಬ್ಬಿ ಇತ್ತು. ಒಳಗೆ ಕಪ್ಪು ಪುಡಿ.

"ಇದೇನಮ್ಮ?"

ಸೊಸೆ ಬೆಚ್ಚಿಬಿದ್ದಳು. "ಹಲ್ಲುಪುಡಿ ಮೇಡಂ. ಅಮ್ಮ ಮಾಡಿಕೊಟ್ಟಿದ್ದು, ರಾಯಚರ್ಲಿಂದ ತಂದಿದ್ದು."

"ಇದರಲ್ಲಿ ಏನೇನು ಹಾಕಿದಾರೆ?"

"ಇದ್ದಿಲು, ಅಳಲೆಕಾಯಿ, ಉಪ್ಪು... ನೇನು ಏಮಿ ಚೇಯಲೇದು ಮೇಡಂ, ನಾನೇನೂ ಮಾಡಿಲ್ಲ." ಕೇಳದ ಪ್ರಶ್ನೆಗೆ ಅವಳ ಉತ್ತರ ಅದು.

ಡಬ್ಬಿಯನ್ನು ಮೂಸಿ ನೋಡುತ್ತಾ ನಿಂತಿದ್ದಾಗ ಹಿಂದೆ ನೆರಳು ಬಿತ್ತು. ಅಮ್ಮ. "ಸಿಕ್ತಾ?" ಎಂದರು. "ನೋಡ್ರೀ ಬನ್ನಿ ಇಲ್ಲಿ, ಆಸ್ಪತ್ರೆ ಮೇಡಮ್ಮನೇ ಹಿಡಿದವ್ರೆ!"

ನಾನು ಅಲ್ಲ, ಅಲ್ಲ ಎಂದರೂ ಅದು ಹೊಸಲು ದಾಟಿ ಬೀದಿಗೆ ಹೋಗಿಯೇಬಿಟ್ಟಿತು. ನಾನು ಒಯ್ದ ಡಬ್ಬಿಯ ಪುಡಿಯನ್ನು ಡಾಕ್ಟರಮ್ಮ ನೋಡಿದರು, ಹಲ್ಲುಪುಡಿಯ ಹೊರತು ಇನ್ನೇನೂ ಕಾಣುತ್ತಿಲ್ಲ ಎಂದರು. ಅದನ್ನು ಹೇಳಲು ಹೋದರೆ ಯಾರಿಗೂ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಹಿರಿಯರನ್ನು ಕೂರಿಸಿ ಮಾತಾಡುತ್ತೇವೆ, ಅವಳ ಅಣ್ಣನನ್ನು ಬರಹೇಳಿದ್ದೇವೆ, ಕರೆದುಕೊಂಡು ಹೋಗಲಿ ಎಂದು ಅಮ್ಮ ಹಟ ಹಿಡಿದಿದ್ದರು. ಮಗ ಫೋನಿನಲ್ಲಿ, "ನೀವು ನೋಡಿ ಏನಾದ್ರೂ ಮಾಡ್ಕಳ್ರಪ್ಪ" ಎಂದು ಇಟ್ಟುಬಿಟ್ಟನಂತೆ.

ಅಷ್ಟರಲ್ಲಿ ಅಮ್ಮ ಸೊಸೆಯ ಕೈಯ ಊಟ ಬಿಟ್ಟರು. ಬಾಳೆಹಣ್ಣು, ಹುರಿಗಡಲೆ, ಮೊಸರು. ಅದೂ ಯಜಮಾನರು ಹೊರಗಿನಿಂದ ತಂದು ಕೈಗೆ ಕೊಟ್ಟದ್ದು. ಇನ್ನು ನಿಲ್ಲುತ್ತದೆ ಎಂದು ಎಲ್ಲರೂ ಕಾದರು. ನಿಲ್ಲಲಿಲ್ಲ. ಮಂಗಳವಾರ ಮಾತ್ರ ಬರುತ್ತಿದ್ದವರು ನಡುವಾರದಲ್ಲೂ ಬಂದರು. ಈ ಸಲ ತುಟಿಯ ಒಳಗೆ ನೀರುಗುಳ್ಳೆ ಎದ್ದು ಒಡೆದಿತ್ತು, ನೀರು ಕುಡಿದರೂ ಕಣ್ಣಲ್ಲಿ ನೀರು.

"ಮುಟ್ಟದೇನೇ ಮಾಡ್ತಾವ್ಳಲ್ಲ, ಎಂಥಾ ಕೈ ಇರಬೇಕು ಅವಳ್ದು!" ಎಂದರು ಅಮ್ಮ.

ಅಂದು ಬಸ್ಸಿನಲ್ಲಿ ಕೊರಟಗೆರೆಗೆ ವಾಪಸಾಗುತ್ತಾ ಆ ಮಾತನ್ನೇ ತಿರುವಿ ಹಾಕುತ್ತಿದ್ದೆ. ಸೊಸೆಯ ಕೈ ತಪ್ಪಿದ ಮೇಲೆ ಹೆಚ್ಚಾಯಿತು. ಹಾಗಾದರೆ ಉಳಿದ ಕೈ ಯಾವುದು? ಇನ್ನೊಂದು, ಮಂಗಳವಾರವೇ ಯಾಕೆ ಬರುತ್ತಿದ್ದರು? ಮಂಗಳವಾರಕ್ಕೆ ಹಿಂದಿನ ದಿನ ಸೋಮವಾರ. ಶಿವನ ದಿನ, ಅಮ್ಮನಿಗೆ ಒಪ್ಪೊತ್ತು. ಸಂಜೆ ದೀಪ ಹಚ್ಚಿ, ಪೂಜೆ ಮುಗಿಸಿದ ಮೇಲೇ ಊಟ. ಅಂದರೆ ಅವರು ಎಲ್ಲಕ್ಕಿಂತ ಕಡಿಮೆ ತಿನ್ನುವ ದಿನವೇ ಅದು. ನಾನು ಇಷ್ಟು ದಿನ ಅಡುಗೆಯ ಬೆನ್ನು ಹತ್ತಿದ್ದೆ, ಹಗಲೆಲ್ಲ ಅಡುಗೆ ಮುಟ್ಟದ ದಿನವೇ ಮಚ್ಚೆ ಏಳುತ್ತಿತ್ತು.

ಇನ್ನು ಯಾವ ಔಷಧ ಎಂದು ಕೇಳುವುದು ಬೇಡ, ಒಂದು ಸೋಮವಾರ ಹೋಗಿ ಸುಮ್ಮನೆ ಕೂರಬೇಕು ಎಂದುಕೊಂಡೆ. ಡಾಕ್ಟರಮ್ಮನನ್ನು ಕೇಳಿ, ಮಧ್ಯಾಹ್ನದ ಕೆಲಸ ಮುಗಿಸಿ ಹೋದೆ. ಬುಧವಾರ ಹಿರಿಯರು ಸೇರುವುದಿತ್ತು.

ಅಮ್ಮ ನಡುಮನೆಯಲ್ಲಿ ಕಂಬಕ್ಕೆ ಒರಗಿದ್ದರು, ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು. ಸೊಸೆ ಹಿತ್ತಿಲಲ್ಲಿ ಪೂಜೆಯ ಸಾಮಾನು ತಿಕ್ಕುತ್ತಿದ್ದಳು.

"ತಲೆ ನೋವಾ ಅಮ್ಮ?"

"ಸ್ವಾಮಾರ ಅಂದ್ರೆ ಇದ್ದದ್ದೇ. ಸಿಡೀತದೆ. ಈಗೀಗ ದಿನಾ ಸಿಡೀತದೆ, ಹೊಟ್ಟೆಗೆ ಸರ್ಯಾಗಿ ಬಿದ್ರೆ ತಾನೆ! ಇವ್ರ ಕಾಫಿ ಒಂದು ಲೋಟ ಬಿದ್ರೆ ಇಳೀತದೆ."

"ಇವ್ರ ಕಾಫಿ?"

"ಮದ್ವೆಯಾದಾಗಿಂದ ಅಂಗೇ ಕಣಮ್ಮ. ಸ್ವಾಮಾರ ಮನೆ ತೊಳ್ದು ಸಾರಿಸಿ ಸಾಕಾಗಿರ್ತಿದ್ದೆ, ಮಧ್ಯಾಹ್ನದ ಕಾಫಿ ಇವ್ರೇ ಕಾಸೋರು. ಬೆಲ್ಲ ಹಾಕಿ. ಅವ್ರ ಕೈಗುಣ ನೋಡು, ಕುಡಿದ ಸ್ವಲ್ಪ ಹೊತ್ತಿಗೇ ನೋವು ಮಾಯ."

ಯಜಮಾನರು ಅಂಗಡಿಯ ಬಾಗಿಲು ಎಳೆದು ಒಳಗೆ ಬಂದರು. ನನ್ನನ್ನು ಕಂಡು ಕೈ ಮುಗಿದರು, ಅಡುಗೆಮನೆಗೆ ಹೋದರು. ನಾನು ಕೂತಲ್ಲಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಸ್ಟವ್ ಹತ್ತಿಸಿದ ಸದ್ದು, ನೀರು ಸುರಿದ ಸದ್ದು, ಬೆಲ್ಲ ಜಜ್ಜಿದ ಸದ್ದು. ಆಮೇಲೆ ಇನ್ನೊಂದು ಸದ್ದು. ಕಲ್ಲಿನ ಕಟ್ಟೆಯ ಮೇಲೆ ಲೋಟದ ತಳವಿಟ್ಟು ಏನನ್ನೋ ಒತ್ತಿ ತಿರುಗಿಸಿದಾಗ ಬರುವ ಸಣ್ಣ ಕರಕರ. ಮಕ್ಕಳಿಗೆ ಮಾತ್ರೆ ಪುಡಿ ಮಾಡುವಾಗ ದಿನವೂ ನನ್ನ ಕೈಯ ಕೆಳಗೆ ಏಳುವ ಸದ್ದು. ಬೆಲ್ಲಕ್ಕೆ ಆ ಸದ್ದಿಲ್ಲ.

ಲೋಟ ಬಂತು. ಅಮ್ಮ ಕೈ ಚಾಚಿದರು.

ಆ ಒಂದು ಗಳಿಗೆ ನನ್ನ ತಲೆಯಲ್ಲಿ ಓಡಿದ್ದನ್ನು ಬರೆಯದೆ ಇರುವುದು ಸರಿಯಲ್ಲ. ಕುಡಿಯಲು ಬಿಟ್ಟರೆ ಸಂಜೆಯೊಳಗೆ ಮಚ್ಚೆ ಏಳುತ್ತದೆ, ಇದೇ ಕಾರಣವೆಂದು ಇಡೀ ಬೀದಿಗೆ ತೋರಿಸಬಹುದು, ಬುಧವಾರದ ಪಂಚಾಯಿತಿ ಅಲ್ಲಿಗೇ ಮುಗಿಯುತ್ತದೆ. ಬಿಡದಿದ್ದರೆ ನನ್ನ ಹತ್ತಿರ ಇರುವುದು ಒಂದು ಸದ್ದು ಮಾತ್ರ. ಆದರೆ ಆ ತುಟಿಯ ಒಳಗಿನ ಗುಳ್ಳೆ ಒಡೆದು ಇನ್ನೂ ಮಾದಿರಲಿಲ್ಲ.

"ಅಮ್ಮ, ಆ ಲೋಟ ನನಗೆ ಕೊಡಿ," ಎಂದೆ. "ಬೆಲ್ಲದ ಕಾಫಿ ಕುಡಿದು ಎಷ್ಟು ಕಾಲವಾಯ್ತೋ."

"ಅಯ್ಯೋ, ಬಂದೋರ್ಗೆ ಮೊದಲು ಕೊಡಬೇಕಲ್ವಾ, ನಂದೂ ಒಂದು ಬುದ್ಧಿ!" ಅಮ್ಮ ಲೋಟವನ್ನು ನನ್ನ ಕಡೆ ಸರಿಸಿದರು. "ರೀ, ನಂಗೆ ಇನ್ನೊಂದು ತನ್ನಿ."

ಯಜಮಾನರು ಕದಲಲಿಲ್ಲ. ನಾನು ಒಂದು ಗುಟುಕು ಕುಡಿದೆ. ಮೊದಲು ಬೆಲ್ಲ, ಆಮೇಲೆ ಕಾಫಿ, ಅದರ ಹಿಂದೆ ನಾಲಿಗೆಯ ಬುಡ ಹಿಡಿದುಕೊಳ್ಳುವ ಕಹಿ. ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಹಿತ್ತಿಲು ತೋರಿಸಿ ಎಂದು ಯಜಮಾನರನ್ನು ಕರೆದುಕೊಂಡು ಹೋದೆ.

ಕಾಫಿಗೆ ಏನು ಪುಡಿ ಮಾಡಿ ಹಾಕಿದ್ರಿ ಎಂದು ಕೇಳಿದ್ದಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಅವರು ಅಂಗಿಯ ಜೇಬಿನಿಂದ ಕತ್ತರಿಸಿದ ಮಾತ್ರೆಪಟ್ಟಿಯ ತುಂಡು ತೆಗೆದರು. ಹಾಳೆಯ ಮೇಲೆ ಉಳಿದಿದ್ದ ಅಕ್ಷರ ಸಾಕಾಗಿತ್ತು. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಸೇರಿದ ನೋವಿನ ಮಾತ್ರೆ.

"ನನ್ನ ಮಂಡಿಗೆ ತಗೋತಿದ್ದೆ," ಎಂದರು. "ಇವಳು ತಲೆ ಹಿಡ್ಕೊಂಡು ಒದ್ದಾಡೋದು ನೋಡಕ್ಕಾಗ್ಲಿಲ್ಲ. ಕೊಟ್ರೆ ನುಂಗಲ್ಲ. ಅದುಕ್ಕೆ..."

"ಅಮ್ಮ ಏನು ಔಷಧ ತಗೋತಾರೆ ಅಂತ ನಿಮ್ಮೆದುರಿಗೇ ಕೇಳಿದ್ವಲ್ಲ ಯಜಮಾನ್ರೇ. ಬಾಗಿಲಲ್ಲೇ ನಿಂತಿದ್ರಿ."

"ಇದು ಔಷಧ ಏನಲ್ವಲ್ಲ ಮೇಡಂ! ತಲೆನೋವಿನ ಮಾತ್ರೆ. ಊರೆಲ್ಲ ತಿಂತದೆ. ನಂಗೇನೂ ಆಗಿಲ್ಲ."

"ನಿಮಗೆ ಒಗ್ಗಿದೆ. ಅವರಿಗೆ ಒಗ್ಗಿಲ್ಲ. ಅವರು ಉಪವಾಸ ಬಿದ್ದಷ್ಟೂ ತಲೆನೋವು ಜಾಸ್ತಿ, ತಲೆನೋವು ಜಾಸ್ತಿಯಾದಷ್ಟೂ ನಿಮ್ಮ ಕಾಫಿ ಜಾಸ್ತಿ."

ಅವರು ಕಲ್ಲಿನ ಮೇಲೆ ಕೂತುಬಿಟ್ಟರು. "ಇವತ್ತಿಂದ ಬುಟ್ಬುಡ್ತೀನಿ. ತಾನಾಗೇ ವಾಸಿಯಾಯ್ತದೆ. ಅವಳಿಗೆ ಮಾತ್ರ ಹೇಳ್ಬ್ಯಾಡಿ. ಆಣೆ ಮುರಿಸಿದೆ ಅಂತ ಗೊತ್ತಾದ್ರೆ ನನ್ನ ಕೈಯಿಂದ ನೀರು ಕೂಡ ಮುಟ್ಟಲ್ಲ."

"ಸೊಸೆ?"

ಅವರು ಮಾತ್ರೆಪಟ್ಟಿಯ ತುಂಡನ್ನು ಮತ್ತೆ ಜೇಬಿಗೆ ತುರುಕಿದರು. ಹತ್ತಿರದಲ್ಲೇ ಬಿಂದಿಗೆ ತಿಕ್ಕುತ್ತಿದ್ದ ಸದ್ದು ಯಾವಾಗಲೋ ನಿಂತಿತ್ತು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಬೇರೆಯದೇ ಚಿಂತೆ. "ಮಾತ್ರೆಯಿಂದಲೇ ಹಿಂಗಾಯ್ತು ಅಂತ ಗೊತ್ತಾದ್ರೆ ಬಿಪಿ ಮಾತ್ರೆಯನ್ನ ಜನ್ಮದಲ್ಲಿ ಮುಟ್ಟಲ್ಲ ಅವರು," ಎಂದರು. "ಆದರೂ ಹೇಳಲೇಬೇಕು. ನಾಳೆ ಮಧುಗಿರಿಯಲ್ಲಿ ಹಲ್ಲು ಕೀಳೋರೋ, ಜ್ವರ ನೋಡೋರೋ ಇದನ್ನೇ ಕೊಟ್ಟರೆ? ಯಾವುದು ಒಗ್ಗಲ್ಲ ಅಂತ ಮೊದಲು ಗೊತ್ತಿರಬೇಕಾದ್ದು ಅವರಿಗೇ," ಎಂದರು.

ನಾನು ಹೇಳುವುದಿಲ್ಲ, ನೀವೇ ಹೇಳಬೇಕು ಎಂದು ಯಜಮಾನರನ್ನು ಒಳಗೆ ಕರೆತಂದೆ. ಅವರು ಹೇಳಿದರು. ನೆಲ ನೋಡುತ್ತಾ, ಜೇಬಿನ ತುಂಡನ್ನು ಮುಂದಿಟ್ಟು ಹೇಳಿದರು.

ಅಮ್ಮ ಹಣೆಯ ಬಟ್ಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. "ಯಾವಾಗಿಂದ?"

"ದೀಪಾವಳಿ ಆದ್ಮೇಲಿಂದ ಕಣೇ. ನಿನಗೇ ಒಳ್ಳೇದಾಗ್ಲಿ ಅಂತ..."

"ನನ್ನ ಆಣೆ ಹಾಳಾಗೋಗ್ಲಿ." ಅವರ ದನಿ ಏರಲೇ ಇಲ್ಲ. "ಈ ಹುಡುಗೀನ ನಾನು ಬಾಯಿಗೆ ಬಂದಂಗೆ ಬೈದ್ನಲ್ರೀ. ನೀವು ಪಕ್ಕದಲ್ಲೇ ಕುಂತಿದ್ರಿ. ಬಾಳೆಹಣ್ಣು ಸುಲ್ದು ಸುಲ್ದು ನನ್ನ ಕೈಗೆ ಕೊಡ್ತಿದ್ರಿ."

"ಅದ್ರಿಂದ್ಲೇ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ."

ಗೊತ್ತಿರಲಿಲ್ಲವೋ, ಗೊತ್ತಾಗುವುದು ಅವರಿಗೆ ಬೇಡವಾಗಿತ್ತೋ. ನನಗೆ ಇವತ್ತಿಗೂ ಆ ಅನುಮಾನ ಹೋಗಿಲ್ಲ.

ಸೊಸೆ ಒದ್ದೆ ಕೈಯಲ್ಲೇ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದಳು. ಅಮ್ಮ ಅವಳ ಕಡೆ ತಿರುಗಿದರು. ಮೊದಲು ಮಾತಾಡಿದ್ದು ಸೊಸೆಯೇ:

"ಬುಧವಾರ ಅಣ್ಣ ಬರ್ತಾನೆ ಅತ್ತೆ. ಹೆಂಗೂ ಬಟ್ಟೆ ಕಟ್ಟಿಟ್ಟಿದೀನಿ, ಹೋಗ್ತೀನಿ. ನೀವು ಕಳಿಸಿದ್ರಿ ಅಂತ ಅಲ್ಲ. ನಾನೇ ಹೋಗಿ, ನನಗೆ ಬರಬೇಕು ಅನ್ಸಿದಾಗ ಬರ್ತೀನಿ. ಆ ನನ್ನ ಹಲ್ಲುಪುಡಿ ಡಬ್ಬಿ ವಾಪಸ್ ಬೇಕು ಮೇಡಂ."

ಮರುದಿನ ಡಬ್ಬಿಯನ್ನು ನಾನೇ ತಂದುಕೊಟ್ಟೆ. ಅವಳು ಮುಚ್ಚಳ ತೆಗೆದು, ಪುಡಿಗೆ ಏನಾದರೂ ಬೆರೆಸಿದೆಯೇ ಎಂದು ನೋಡಿಯೇ ಇಸಿದುಕೊಂಡಳು. ಆ ಅನುಮಾನ ನನಗೆ ತಕ್ಕದ್ದೇ.

ಕಾಫಿ ನಿಂತ ಮೇಲೆ ಹೊಸ ಮಚ್ಚೆ ಏಳಲಿಲ್ಲ. ಗುಳ್ಳೆ ಮಾದಿತು, ಕಲೆಗಳು ಬೂದುಬಣ್ಣಕ್ಕೆ ತಿರುಗಿ ಉಳಿದುಕೊಂಡವು. ಎರಡು ಔಷಧಗಳಲ್ಲಿ ಯಾವುದು ಕಾರಣ ಎಂದು ತಿಳಿಯಬೇಕಾದರೆ ತುಮಕೂರಿನಲ್ಲೇ ಪರೀಕ್ಷೆಯಾಗಬೇಕು, ಅಲ್ಲಿಯವರೆಗೆ ಎರಡೂ ಬೇಡ, ಅವುಗಳ ಹತ್ತಿರದ ನೋವಿನ ಮಾತ್ರೆಗಳನ್ನೂ ಕೇಳದೆ ತೆಗೆದುಕೊಳ್ಳಬೇಡಿ ಎಂದು ಡಾಕ್ಟರಮ್ಮ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಎಲ್ಲಿ ಹೋದರೂ ಮೊದಲು ಇದನ್ನು ತೋರಿಸಬೇಕು ಎಂದು ನಾನು ಹೇಳಿಕೊಟ್ಟೆ. ಅಮ್ಮ ಅದನ್ನು ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡರು. ಬಿಪಿ ಮಾತ್ರೆಯ ಮಾತು ತೆಗೆದಾಗ ಮಾತ್ರ, "ಬೆಕ್ಕು ಅಂತ ಒಂದು, ನಾಯಿ ಅಂತ ಒಂದು, ಎಲ್ಲ ಕಚ್ಚೋವೇ ಕಣಮ್ಮ" ಎಂದು ಎದ್ದುಹೋದರು. ಡಾಕ್ಟರಮ್ಮ ಹೆದರಿದ್ದು ಅದಕ್ಕೇ.

ಸೊಸೆ ಬಂದಳು. ಯಾರೂ ಕರೆತರಲು ಹೋಗಲಿಲ್ಲ. ಪಾವಗಡದ ಬಸ್ಸಿನಿಂದ ಒಬ್ಬಳೇ ಇಳಿದು ಬಂದಳಂತೆ. ಸ್ವಲ್ಪ ದಿನದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ನನ್ನ ಕಿಟಕಿಗೆ ಬಂದರು. ಯಜಮಾನರು ಛತ್ರಿಯೊಡನೆ ಗೇಟಿನ ಆಚೆಗೇ ಉಳಿದಿದ್ದರು.

"ಅದೇನೋ ಬಿಪಿದು ಅಂತಿದ್ರಲ್ಲ, ಕೊಡಿ ನೋಡನ," ಎಂದರು ಅಮ್ಮ. ನಾನು ಮಾತ್ರೆಪಟ್ಟಿ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ, ಸಂಚಿಯಿಂದ ರಟ್ಟು ತೆಗೆದು ಪಕ್ಕದಲ್ಲಿ ಇಟ್ಟರು. "ಓದೇ."

ಸೊಸೆ ಪಟ್ಟಿಯ ಹಾಳೆಯ ಮೇಲಿನ ಹೆಸರನ್ನು ಬೆರಳಿಟ್ಟು ಓದಿದಳು. ರಟ್ಟಿನ ಮೇಲಿನದನ್ನು ಓದಿದಳು. ಮತ್ತೆ ಪಟ್ಟಿಯನ್ನು ತಿರುಗಿಸಿ ಓದಿದಳು. ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಾಳೆ ಅನ್ನಿಸಿತು ನನಗೆ.

"ಇದು ಅದಲ್ಲ ಅತ್ತೆ," ಎಂದಳು.

"ನಿಜವಾಗ್ಲೂ?"

"ನನ್ನ ಮೇಲೆ ಅನುಮಾನ ಇದ್ರೆ ಮಾವನ್ನ ಕರೀಲಾ?"

ಅಮ್ಮ ಗೇಟಿನ ಕಡೆ ಒಂದು ಸಲ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, ಲೋಟದ ನೀರು ಕೈಯಲ್ಲಿ ಹಿಡಿದು, ಬಾಯಿ ತೆರೆದರು. ಸೊಸೆ ಹಾಕಿದ ಮಾತ್ರೆ ನಾಲಿಗೆಗೆ ಬೀಳುವವರೆಗೂ, ನುಂಗಿ ಮುಗಿಸುವವರೆಗೂ ಅವರ ಕಣ್ಣು ಸೊಸೆಯ ಮುಖ ಬಿಟ್ಟು ಕದಲಲಿಲ್ಲ. ಸೊಸೆಯೂ ಕಣ್ಣು ತಗ್ಗಿಸಲಿಲ್ಲ.